ಗುಲಬರ್ಗಾದಲ್ಲೇ ಉಳಿದ ಲ್ಯಾಪ್‌ಟಾಪ್

ಮೇ ತಿಂಗಳ ಮಧ್ಯಾಹ್ನ. ಹೊರಗೆ 43 ಡಿಗ್ರಿ. ಕಲಬುರಗಿಯಲ್ಲಿ ಆ ಹೊತ್ತಿಗೆ ನಾಯಿ ಕೂಡ ಚಹಾದಂಗಡಿಯ ಬೆಂಚಿನ ಕೆಳಗಿಂದ ಏಳುವುದಿಲ್ಲ. ಸಂಜೆ ಐದರೊಳಗೆ ಮಗಳ ಕಾಲೇಜಿನ ಅರ್ಜಿ ತುಂಬಬೇಕಿತ್ತು. ಹಾಗಾಗಿ ನಾನು ಕೂಲರ್ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ.

ಲ್ಯಾಪ್‌ಟಾಪ್ 2013ರದ್ದು. ಅದರ ಬ್ಯಾಟರಿ ತೀರಿಕೊಂಡು ವರ್ಷಗಳಾದವು. ಚಾರ್ಜರ್ ಕಿತ್ತರೆ ಅದೂ ಇಲ್ಲ. ಬೀರುವಿನ ಮೇಲೆ ಹಳೇ ಲಗ್ನಪತ್ರಿಕೆಗಳ ಜೊತೆ ಮಲಗಿತ್ತು, ಎಬ್ಬಿಸಿದೆ. ವೈಫೈ ಗುರುತು ಪೂರ್ತಿ ತುಂಬಿ ನಿಂತಿದೆ. ಆದರೆ ಯಾವ ವೆಬ್‌ಸೈಟ್ ತೆರೆದರೂ ಒಂದೇ ಮಾತು: ನಿಮ್ಮ ಕನೆಕ್ಷನ್ ಪ್ರೈವೇಟ್ ಆಗಿಲ್ಲ.

ಪ್ರೈವೇಟ್ ಆಗಿಲ್ಲ! ತಕ್ಷಣ ಎಲ್ಲ ಅರ್ಥವಾಯಿತು ಅಂದುಕೊಂಡೆ. ನಮ್ಮ ಓಣಿಯಲ್ಲಿ ವೈಫೈ ಪಾಸ್‌ವರ್ಡ್ ಅಂದರೆ ಮೊಸರಿನ ಹೆಪ್ಪು ಇದ್ದಂತೆ. ಒಬ್ಬರಿಗೆ ಕೊಟ್ಟರೆ ಹತ್ತು ಮನೆಯ ಗಡಿಗೆಗೆ ಹೋಗುತ್ತದೆ. ಮನೆಯವರ ಫೋನುಗಳಲ್ಲಿ ಅದೇ ವೈಫೈ ಚೆನ್ನಾಗಿ ಓಡುತ್ತಿತ್ತು, ಅದನ್ನು ಕಂಡೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಸಿಟ್ಟಿನಲ್ಲಿ ಪಾಸ್‌ವರ್ಡ್ ಬದಲಾಯಿಸಿಬಿಟ್ಟೆ.

ಐದೇ ನಿಮಿಷ. ಒಳಗಿನಿಂದ ಹೆಂಡತಿ, "ಏನ್ರೀ, ಟೀವಿ ಯಾಕ ತಿರುಗ್ಲತ್ತಾದ?" ಅಂದಳು. ಆಮೇಲೆ ಒಬ್ಬೊಬ್ಬರೇ ಬಾಗಿಲಿಗೆ ಬಂದರು. ಎದುರು ಮನೆಯ ಹುಡುಗ, ಮೇಲಿನ ಮನೆಯ ಬಾಡಿಗೆದಾರ, ಕೊನೆಗೆ ಮೂಲೆಯ ಕಿರಾಣಿ ಅಂಗಡಿಯವರು. "ನೆಟ್ ಹೋಗ್ಯಾದೇನ್ರಿ?" ಅಂತ ಎಲ್ಲರದೂ ಕಾಳಜಿಯ ಪ್ರಶ್ನೆ. ಅಂಗಡಿಯವರಿಗಂತೂ ನಾನು ಪಾಸ್‌ವರ್ಡ್ ಕೊಟ್ಟ ನೆನಪೇ ಇಲ್ಲ.

ಲ್ಯಾಪ್‌ಟಾಪ್ ಮಾತ್ರ ಹೊಸ ಪಾಸ್‌ವರ್ಡನ್ನೂ ನುಂಗಿಕೊಂಡು ಹಳೇ ರಾಗವನ್ನೇ ಹಾಡಿತು.

ಪುಣೆಯಲ್ಲಿರುವ ತಂಗಿಯ ಮಗನಿಗೆ ಫೋನ್ ಮಾಡಿದೆ. ರೂಟರ್ ಆಫ್ ಮಾಡಿಸಿದ, ಮೂವತ್ತು ಎಣಿಸಿ ಆನ್ ಮಾಡಿಸಿದ. ಆಮೇಲೆ ಕಪ್ಪು ಕಿಟಕಿಯೊಂದನ್ನು ತೆರೆಸಿ, ಪಿಂಗ್ ಅಂತ ಬರೆದು 8.8.8.8 ಹಾಕು ಅಂದ. ಅದು ಗೂಗಲ್‌ನ ಸರ್ವರಂತೆ. ನಾಲ್ಕು ಸಲ ಕೂಗಿದರೆ ನಾಲ್ಕು ಸಲವೂ ಓಗೊಟ್ಟಿತು.

"ಮಾಮಾ, ನೆಟ್ ಬರ್ಲತ್ತಾದಲ್ಲ!"

"ಬರ್ಲತ್ತಾದೋ ಮಾರಾಯಾ, ಒಳಗ ಬಿಟ್ಕೋವಲ್ದು!"

ನಾಲ್ಕೂವರೆ ಆಯಿತು. ಅಷ್ಟರಲ್ಲಿ ಅವ್ವ ಶೇಂಗಾ ಸುಲಿಯುತ್ತ ಪಕ್ಕಕ್ಕೆ ಬಂದು ಕೂತಳು. ಅವಳಿಗೆ ಕಂಪ್ಯೂಟರ್ ಗೊತ್ತಿಲ್ಲ, ಕ್ಯಾಲೆಂಡರ್ ಗೊತ್ತು. ಎಲ್ಲಿ ಹೋದರೂ ಮೊದಲು ತಾರೀಖು ನೋಡುವವಳು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಪರದೆಯ ಬಲಗಡೆ ಕೆಳಮೂಲೆಗೆ ಶೇಂಗಾ ಸಿಪ್ಪೆ ಹಿಡಿದ ಬೆರಳಿಟ್ಟಳು.

"ತಮ್ಮಾ, ಇವತ್ತು ಜನೇವರಿ ಒಂದು ಏನು? ಇಂಥಾ ಬಿಸ್ಲಾಗ?"

1-1-2013.

ಫೋನಿನ ಆ ಕಡೆಯಿಂದ ಅಳಿಯ ನಕ್ಕಿದ್ದು ಅವ್ವನಿಗೂ ಕೇಳಿಸಿತು. ಮದರ್‌ಬೋರ್ಡಿನ ಮೇಲೆ ರೂಪಾಯಿ ಬಿಲ್ಲೆಯಷ್ಟಗಲದ ಒಂದು ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸುವುದು ಅದೇ. ಅದು ಖಾಲಿಯಾಗಿತ್ತು. ಪ್ರತಿ ವೆಬ್‌ಸೈಟಿಗೂ ಒಂದು ಸರ್ಟಿಫಿಕೇಟು ಇರುತ್ತದಂತೆ, ಬಸ್ ಪಾಸಿನ ಹಾಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ. ಈ ವರ್ಷದ ಪಾಸನ್ನು 2013ರ ಕಂಡಕ್ಟರಿಗೆ ತೋರಿಸಿದರೆ ಅವನು ಹತ್ತಿಸಿಕೊಳ್ಳುತ್ತಾನೆಯೇ? ನಮ್ಮೂರಿಗೆ ಅಧಿಕೃತವಾಗಿ ಕಲಬುರಗಿ ಅಂತ ಹೆಸರು ಬಂದದ್ದೇ 2014ರ ನವೆಂಬರ್ 1ಕ್ಕೆ. ನನ್ನ ಲ್ಯಾಪ್‌ಟಾಪ್ ಇನ್ನೂ ಗುಲಬರ್ಗಾದಲ್ಲೇ ಕೂತಿತ್ತು!

ತಾರೀಖು ತಿದ್ದಿದೆ. ಪುಟ ತೆರೆಯಿತು. 4.52ಕ್ಕೆ ಅರ್ಜಿ ಹೋಯಿತು. ಮಗಳು ಬಂದು "ಥ್ಯಾಂಕ್ಸ್ ಆಯೀ" ಅಂತ ಅವ್ವನ ಕೆನ್ನೆ ಹಿಂಡಿ ಹೋದಳು. ಮಧ್ಯಾಹ್ನದಿಂದ ಬೆವರಿದವನ ಕಡೆ ತಿರುಗಿಯೂ ನೋಡಲಿಲ್ಲ.

ಸೆಲ್ ಹಾಕಿಸಲು ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಗೆ ಒಯ್ದೆ. "ನಾಳೆ ಬರ್ರಿ" ಅಂದರು. ಆ ನಾಳೆ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ನಾನು ಚಾರ್ಜರ್ ಚುಚ್ಚಿದಾಗಲೆಲ್ಲ ಅವ್ವ ಅಡುಗೆಮನೆಯಿಂದಲೇ ಕೂಗುತ್ತಾಳೆ:

"ಗುಲಬರ್ಗಾದಾಗ ಇದ್ದಿಯೋ ತಮ್ಮಾ, ಕಲಬುರಗಿಗಿ ಬಂದಿಯೋ?"