ಚಾಡಿಕೋರ ಪಂಪು

ಟ್ರಾವೆಲ್ ಟ್ರೇಲರಲ್ಲಿ, ಅಂದ್ರೆ ಗಾಡಿ ಹಿಂದೆ ಕಟ್ಟಿ ಎಳೆಯೋ ಚಕ್ರದ ಮನೇಲಿ, ನೀರು ಸೋರ್ತಿದೆ ಅಂತ ಮೊದ್ಲು ಗೊತ್ತಾಗೋದು ಕಿವಿಗೆ. ರಾತ್ರಿ ಎಲ್ಲರೂ ಮಲಗಿರ್ತಾರೆ, ಒಂದ್ ನಲ್ಲಿನೂ ತೆರೆದಿರಲ್ಲ, ಮಂಚದ ಅಡಿಯಿಂದ ಪಂಪು ಗುರ್ರ್ ಅಂತ ಒಂದೇ ಒಂದು ಸೆಕೆಂಡ್ ಓಡಿ ಸುಮ್ಮನಾಗತ್ತೆ. ಏನೋ ಬಿಡು ಅಂತ ಮಗ್ಗುಲು ಬದಲಾಯಿಸಿ ಇನ್ನೇನು ನಿದ್ದೆ ಹತ್ತಬೇಕು, ಮತ್ತೆ ಗುರ್ರ್. ಇದು ಟ್ಯಾಂಕಿನ ನೀರನ್ನ ನಲ್ಲಿಗೆ ತಳ್ಳೋ 12 ವೋಲ್ಟಿನ ಪಂಪು, ಒಳಗೊಂದು ಪ್ರೆಶರ್ ಸ್ವಿಚ್ ಇರತ್ತೆ, ನಲ್ಲಿ ತಿರುಗಿಸಿದ್ರೆ ಪೈಪಲ್ಲಿ ಒತ್ತಡ ಇಳಿದು ಓಡತ್ತೆ, ನಲ್ಲಿ ನಿಲ್ಲಿಸಿದ್ರೆ ಒತ್ತಡ ಸಾಮಾನ್ಯವಾಗಿ 45ರಿಂದ 55 ಪಿಎಸ್‌ಐ (ಒತ್ತಡ ಅಳೆಯೋ ಮಾನ) ಮುಟ್ಟಿದ ಕೂಡ್ಲೆ ತಾನೇ ಆಫ್ ಆಗತ್ತೆ. ಯಾರೂ ನಲ್ಲಿ ಮುಟ್ಟದೇ ಇದ್ರೂ ಓಡ್ತು ಅಂದ್ರೆ ಎಲ್ಲೋ ನೀರು ಜಿನುಗ್ತಿದೆ ಅಂತ ಚಾಡಿ ಹೇಳ್ತಿದೆ ಅಷ್ಟೇ. ನಿದ್ದೆ ಕೆಡಿಸಿದ್ರೂ ಅದರ ಮೇಲೆ ನಂಗೆ ಸಿಟ್ಟಿಲ್ಲ.

ಹಾಗಂತ ಅದರ ಮಾತು ಪೂರ್ತಿ ನಂಬೋ ಹಾಗೂ ಇಲ್ಲ, ಕೆಲವೊಮ್ಮೆ ಕಳ್ಳ ಅದೇ ಆಗಿರತ್ತೆ. ಪಂಪಿನೊಳಗೆ ನೀರು ಹಿಂದಕ್ಕೆ ಹೋಗದಂತೆ ತಡೆಯೋ ಚೆಕ್ ವಾಲ್ವ್ ಇರತ್ತಲ್ಲ, ಅದಕ್ಕೆ ಒಂಚೂರು ಕಸ ಸಿಕ್ಕಿಕೊಂಡ್ರೆ ಪೈಪಿನ ನೀರು ವಾಪಸ್ ಟ್ಯಾಂಕಿಗೇ ಹೋಗತ್ತೆ, ಒತ್ತಡ ಇಳಿಯತ್ತೆ, ಪಂಪು ಓಡತ್ತೆ, ನೆಲದ ಮೇಲೆ ಮಾತ್ರ ಒಂದ್ ಹನಿನೂ ಇರಲ್ಲ. ಪರೀಕ್ಷೆ ಸುಲಭ. ಪಂಪು ಆಫ್ ಮಾಡಿ ಹೊರಗಿನ ನಲ್ಲಿಯಿಂದ ಹೋಸನ್ನ ನೇರ ಟ್ರೇಲರಿನ ಪೈಪಿಗೆ ಜೋಡಿಸಿ, ನೀವು ತುಂಬಿಸದೇನೇ ಟ್ಯಾಂಕಿನ ಮಟ್ಟ ಏರ್ತಾ ಹೋದ್ರೆ ಬಹುಪಾಲು ಅದೇ ವಾಲ್ವ್. ಇದನ್ನ ನೋಡ್ದೆ ಇಡೀ ಟ್ರೇಲರಿನ ನೆಲ ಕಿತ್ತು ಕೂತವರಿದ್ದಾರೆ, ಪಾಪ.

ಇದಕ್ಕಿಂತ ನಂಗೆ ಭಯ ಇರೋದು ಹೋಸ್ ಜೋಡಿಸಿ ವಾರಗಟ್ಲೆ ನಿಲ್ಲಿಸಿಬಿಡೋದರ ಮೇಲೆ. ಆಗ ಪಂಪು ಆಫ್ ಇರತ್ತೆ, ಹೇಳೋರು ಯಾರೂ ಇಲ್ಲ. ಟ್ಯಾಂಕಿನ ನೀರಾದ್ರೆ ಸೋರಿ ಸೋರಿ ಒಂದಿನ ಖಾಲಿಯಾಗಿ ನಿಲ್ಲತ್ತೆ, ಹೋಸಿಗೆ ಖಾಲಿ ಅನ್ನೋದೇ ಇಲ್ಲವಲ್ಲ. ಕೆಲವು ಕಡೆ ಹೊರಗಿನ ನೀರಿನ ಒತ್ತಡ ವಿಪರೀತ ಇರತ್ತೆ, ಅದಕ್ಕೇ ನಲ್ಲಿ ಬಾಯಿಗೆ ಒಂದು ಪ್ರೆಶರ್ ರೆಗ್ಯುಲೇಟರ್ ಹಾಕಿ 40ರಿಂದ 60 ಪಿಎಸ್‌ಐ ಒಳಗೆ ಇಟ್ಕೊಳ್ಳೋದು. ಹೊರಗೆ ಹೋಗುವಾಗ ಹೋಸಿನ ನಲ್ಲಿ ನಿಲ್ಲಿಸಿ ಹೋಗೋದು ಇನ್ನೂ ವಾಸಿ.

ಸರಿ, ಸೋರ್ತಿದೆ ಅಂತ ಗೊತ್ತಾಯ್ತು, ಎಲ್ಲಿ ಅಂತ ಹುಡುಕೋಕೆ ಹೊರಟಾಗಲೇ ಇದರ ಮಜಾ ಇರೋದು, ಯಾಕಂದ್ರೆ ನೀರು ಕಂಡ ಜಾಗಕ್ಕೂ ಸೋರಿದ ಜಾಗಕ್ಕೂ ಸಂಬಂಧ ಇರಬೇಕು ಅಂತೇನಿಲ್ಲ. ಮುಂದಿನ ಸಿಂಕಿನ ಹಿಂದೆ ಹುಟ್ಟಿದ ಹನಿ ಪೈಪ್ ಹಿಡ್ಕೊಂಡು ಓಡಿ, ನೆಲಹಾಸಿನ ಕೆಳಗೆ ತೂರಿ, ಟ್ರೇಲರ್ ಎತ್ತ ವಾಲಿದೆಯೋ ಅತ್ತ ಹರಿದು, ಹಿಂದಿನ ಮೂಲೇಲಿ ಹೊರಗೆ ಬಂದು ಏನೂ ಗೊತ್ತಿಲ್ಲದ ಹಾಗೆ ಕೂತಿರತ್ತೆ. ತಳಕ್ಕೆ ಪ್ಲಾಸ್ಟಿಕ್ ಶೀಟ್ ಹೊಡೆದಿರೋ ಟ್ರೇಲರಾದ್ರೆ ಇನ್ನೂ ಕಷ್ಟ, ನೀರೆಲ್ಲ ಅದರ ಮೇಲೇ ನಿಂತು ಶೀಟು ಜೋತುಬೀಳೋವರೆಗೂ ಯಾರಿಗೂ ಸುಳಿವು ಸಿಗಲ್ಲ. ಎಲ್ಲ ಒದ್ದೆನೂ ಪೈಪಿಂದೇ ಅಲ್ಲ ಬೇರೆ. ಪಂಪು, ಹೋಸು ಎರಡೂ ನಿಲ್ಲಿಸಿ, ಒಂದು ನಲ್ಲಿ ತೆರೆದು ಒತ್ತಡ ಇಳಿಸಿ, ಒರೆಸಿ ಬಿಡಿ. ಆಮೇಲೂ ಒದ್ದೆ ಆಗ್ತಿದ್ರೆ, ಅದರಲ್ಲೂ ಮಳೆ ಬಂದಾಗ, ತಲೆ ಎತ್ತಿ ಚಾವಣಿ ಕಡೆ ಕಿಟಕಿ ಕಡೆ ನೋಡಿ. ಟ್ಯಾಂಕ್ ಭರ್ತಿ ಇಟ್ಕೊಂಡು ಓಡಿಸ್ತಿರುವಾಗ ಅದರ ಗಾಳಿ ಆಡೋ ವೆಂಟ್ ಪೈಪಿಂದ ನೀರು ಚೆಲ್ಲೋದು ಲೀಕೇ ಅಲ್ಲ, ಅದಕ್ಕೆ ತಲೆ ಕೆಡಿಸ್ಕೋಬೇಡಿ.

ಟ್ರೇಲರ್ ಕಟ್ಟೋರು ಮೊದ್ಲು ಪೈಪ್ ಹಾಕಿ ಆಮೇಲೆ ಅದರ ಮುಂದೆ ಕಪಾಟು ಜೋಡಿಸ್ತಾರೋ ಏನೋ, ಅಂತೂ ಕೈ ಹೋದಲ್ಲಿ ತಲೆ ಹೋಗಲ್ಲ, ತಲೆ ಹೋದಲ್ಲಿ ಟಾರ್ಚ್ ಹೋಗಲ್ಲ, ಮೂರೂ ಹೋದ್ರೆ ವಾಪಸ್ ಬರಲ್ಲ. ಹೊರಗೆ ನಿಂತು ಟಾರ್ಚ್ ಹಿಡಿದವರು ಬೆಳಕನ್ನ ಸರಿಯಾಗಿ ನಿಮ್ಮ ಕಿವಿ ಮೇಲೆ ಬಿಡ್ತಿರ್ತಾರೆ, "ಕಾಣ್ತಾ?" ಅಂತ ಬೇರೆ ಕೇಳ್ತಾರೆ. ಇಂಥಲ್ಲಿ ಫೋನ್ ದೊಡ್ಡ ಉಪಕಾರಿ, ವಿಡಿಯೋ ಆನ್ ಮಾಡಿ ಸಂದಿಗೆ ತೂರಿಸಿ ಆಡಿಸಿ ತಂದ್ರೆ ಆಯ್ತು. ಅದಕ್ಕಿಂತ ಭರವಸೆಯದು ಟಿಶ್ಯೂ ಪೇಪರ್. ಪ್ರತಿ ಜಾಯಿಂಟಿನ ಕೆಳಗೂ ಒಂದೊಂದು ಒಣ ತುಂಡು ಇಟ್ಟು ಪಂಪ್ ಆನ್ ಮಾಡಿ ರಾತ್ರಿ ಬಿಟ್ರೆ, ಕಣ್ಣಿಗೆ ಕಾಣದ ಒಸರು ಕೂಡ ಬೆಳಿಗ್ಗೆ ಸಿಕ್ಕಿಬೀಳತ್ತೆ.

ಅನುಮಾನದ ಪಟ್ಟೀಲಿ ನಾನು ಮೊದ್ಲು ಬರೆಯೋದು ಹೊರಗಿನ ಶವರನ್ನ. ಕೈಲಿರೋ ಶವರಿನ ಬಟನ್ ಒತ್ತಿ ನೀರು ನಿಲ್ಲಿಸಿ, ಹಿಂದಿನ ನಲ್ಲಿಗಳನ್ನ ತೆರೆದೇ ಬಿಟ್ಟು ಬಾಗಿಲು ಮುಚ್ಚಿರ್ತಾರೆ, ಆಮೇಲೆ ಅದು ಒಳಗೇ ತೊಟ್ಟಿಕ್ತಿರತ್ತೆ. ಆಮೇಲೆ ಟಾಯ್ಲೆಟ್ಟಿನ ಹಿಂದಿರೋ ವಾಲ್ವ್, ಫಿಲ್ಟರಿನ ಬಟ್ಟಲು, ಪಂಪಿನ ಮುಂದಿನ ಜಾಲರಿ ಡಬ್ಬಿ, ಹೀಟರಿನ ಬೆನ್ನು. ನೀರು ಹೆಪ್ಪುಗಟ್ಟೋ ಚಳಿ ಇರೋ ಕಡೆ ಟ್ರೇಲರ್ ನಿಲ್ಲಿಸಿದ್ರಂತೂ ಇವನ್ನೆಲ್ಲ ನೋಡ್ಲೇಬೇಕು, ನೀರು ಮಂಜುಗಡ್ಡೆ ಆಗುವಾಗ ಸುಮಾರು 9 ಶೇಕಡಾ ಹಿಗ್ಗತ್ತೆ, ಪೈಪು ತಡ್ಕೊಂಡ್ರೂ ಪ್ಲಾಸ್ಟಿಕ್ ವಾಲ್ವ್ ತಡ್ಕೊಳಲ್ಲ.

ಸಿಕ್ಕಿದ ಮೇಲೆ ರಿಪೇರಿ ಬಹಳ ಸಲ ಹತ್ತು ನಿಮಿಷದ್ದು, ಅದೂ ನಾಚಿಕೆ ಆಗೋಷ್ಟು ಸುಲಭ. ದಾರಿ ಉದ್ದಕ್ಕೂ ಕುಲುಕಾಡಿ ಸಡಿಲಾದ ಪ್ಲಾಸ್ಟಿಕ್ ನಟ್ಟನ್ನ ಕೈಯಲ್ಲೇ ತಿರುಗಿಸಿ ಬಿಗಿ ಮಾಡಿದ್ರೆ ಎಷ್ಟೋ ಸಲ ಮುಗೀತು. ಆದ್ರೆ ನಮ್ಮ ಜನಕ್ಕೆ ಕೈಗೆ ಸ್ಪ್ಯಾನರ್ ಬಂದ್ರೆ ಮುಗೀತು, ಇನ್ನೊಂದ್ ಸುತ್ತು ಇನ್ನೊಂದ್ ಸುತ್ತು ಅಂತ ಅದನ್ನ ಸೀಳೋವರೆಗೂ ಬಿಡಲ್ಲ. ಒಳಗೆ ರಬ್ಬರ್ ವಾಷರ್ ಇರೋ ನಟ್ಟಿಗೆ ಟೆಫ್ಲಾನ್ ಟೇಪ್ ಸುತ್ತೋದೂ ದಂಡ, ಅಲ್ಲಿ ನೀರು ತಡೆಯೋದು ವಾಷರು, ನಟ್ಟಿನ ಥ್ರೆಡ್ ಅಲ್ಲ. ಕೆಂಪು ನೀಲಿ ಪೆಕ್ಸ್ (ಬಗ್ಗೋ ಪ್ಲಾಸ್ಟಿಕ್) ಪೈಪೇ ಸೀಳಿದ್ರೆ ಅಷ್ಟು ತುಂಡು ಕತ್ತರಿಸಿ ಒತ್ತಿ ಕೂರಿಸೋ ಫಿಟ್ಟಿಂಗ್ ಹಾಕಬೋದು. ಹಳೇ ಟ್ರೇಲರಲ್ಲಿ ಬೂದು ಬಣ್ಣದ ಪಾಲಿಬ್ಯುಟಿಲಿನ್ ಪೈಪು ಇದ್ರೆ (1990ರ ದಶಕದ ನಡುವಿನವರೆಗೂ ಹಾಕ್ತಿದ್ರು) ತೇಪೆ ಹಾಕ್ತಾ ಕೂರೋ ಬದ್ಲು ಪೂರ್ತಿ ಬದಲಾಯಿಸೋದೇ ನೆಮ್ಮದಿ. ಟ್ಯಾಂಕ್ ಬಿರುಕು ಬಿಟ್ಟಿದ್ರೆ ಅಂಟಿನ ಆಸೆ ಬಿಡಿ, ಟ್ಯಾಂಕಿನ ಪಾಲಿಎಥಿಲಿನ್ ಪ್ಲಾಸ್ಟಿಕ್ಕಿಗೆ ಅಂಟು ಸರಿಯಾಗಿ ಹಿಡಿಯಲ್ಲ, ಪ್ಲಾಸ್ಟಿಕ್ ವೆಲ್ಡಿಂಗೇ ಆಗಬೇಕು.

ಒಂದನ್ನ ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು. ಗ್ಯಾಸ್ ಹೀಟರಿನ ಹೊರಬಾಗಿಲ ಹಿಂದೆ ಒಂದು ಸೇಫ್ಟಿ ವಾಲ್ವ್ ಇರತ್ತೆ, 150 ಪಿಎಸ್‌ಐ ಒತ್ತಡಕ್ಕೋ ಸುಮಾರು 99 ಡಿಗ್ರಿ ಸೆಲ್ಸಿಯಸ್ ಬಿಸಿಗೋ ತೆರ್ಕೊಳ್ಳೋದು, ನೀರು ಕಾಯುವಾಗ ಹನಿ ಹನಿ ಬಿಡತ್ತೆ ಅಂತ ಅದಕ್ಕೆ ಬಿರಡೆ ಜಡಿಯೋ ಬುದ್ಧಿವಂತರೂ ಇದ್ದಾರೆ, ಅದರಷ್ಟು ಅಪಾಯ ಇನ್ನೊಂದಿಲ್ಲ. ಬಹಳ ಸಲ ಹೀಟರೊಳಗೆ, ಕಾದು ಹಿಗ್ಗೋ ನೀರಿಗೆ ಜಾಗ ಕೊಡೋಕೆ ಮೇಲ್ಗಡೆ ಇರಬೇಕಾದ ಗಾಳಿ ಹೋಗಿರತ್ತೆ ಅಷ್ಟೇ. ಹೀಟರ್ ಆಫ್ ಮಾಡಿ, ನೀರು ಪೂರ್ತಿ ತಣಿದ ಮೇಲೆ ಪಂಪು, ಹೋಸು ನಿಲ್ಲಿಸಿ, ಬಿಸಿನೀರಿನ ನಲ್ಲಿ ತೆರೆದು, ವಾಲ್ವಿನ ಹಿಡಿ ಎತ್ತಿ ನೀರು ಬರೋದು ನಿಲ್ಲೋವರೆಗೂ ಬಿಟ್ರೆ ಗಾಳಿ ಮತ್ತೆ ಸೇರ್ಕೊಳತ್ತೆ.

ಎಲ್ಲ ಮುಗಿದ್ರೂ ಬಿಚ್ಚಿದ ಹಲಗೆಗಳನ್ನ ಅವತ್ತೇ ಜಡೀಬೇಡಿ. ನೆಲದ ಪ್ಲೈವುಡ್ಡನ್ನ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ, ಮೆತ್ತಗೆ ಒಳಗೆ ಹೋದ್ರೆ ಪ್ಲಂಬರ್ ಕೆಲಸ ಮುಗಿದು ಬಡಗಿ ಕೆಲಸ ಶುರು ಅಂತ ಲೆಕ್ಕ. ಗಟ್ಟಿ ಇದ್ರೆ ಒಣಗೋಕೆ ಬಿಟ್ಟು, ಒಂದ್ ಸ್ವಲ್ಪ ಗುಂಡಿ ಇರೋ ರಸ್ತೆಲೇ ಓಡಿಸಿ ಬಂದು ಇನ್ನೊಂದ್ಸಲ ಟಿಶ್ಯೂ ಇಡಿ, ನಿಂತಲ್ಲಿ ಸುಮ್ಮನಿದ್ದ ಜಾಯಿಂಟು ಕುಲುಕಿದ ಮೇಲೆ ಸೋರೋದುಂಟು. ಆಮೇಲೂ ನಾನು ನಾಕು ಸ್ಕ್ರೂ ಹಾಕೋ ಕಡೆ ಎರಡೇ ಹಾಕಿ ಬಿಡ್ತೀನಿ, ಮುಂದಿನ ಸಲ ಬಿಚ್ಚೋಕೆ ಸುಲಭ.