ಬಿಸಿನೀರಿಗೆ ಕಾಸಿಲ್ಲ, ಚೊಂಬಿಗೆ ಜಾಗವಿಲ್ಲ

ಚೀನಾದಲ್ಲಿದ್ದೇವೆ ಅಂದ ಕೂಡಲೇ ಊರಿನವರ ಪ್ರಶ್ನೆ: ‘ಊಟಕ್ಕೆ ಏನ್ಮಾಡ್ತೀರಿ? ಹಾವು, ಕಪ್ಪೆ ಬಿಟ್ರೆ ಬೇರೆ ಏನಾದ್ರೂ ಸಿಗತ್ತಾ?’ ಕೇಳಿ ಕೇಳಿ ಸಾಕಾಗಿದೆ. ನೀರಿಗೆ ಏನ್ಮಾಡ್ತೀರಿ ಅಂತ ಒಬ್ಬರಾದರೂ ಕೇಳಬಾರದೇ!

ಶಾಂಘಾಯ್, ಬೀಜಿಂಗ್ ಬಿಡಿ. ಗಾನ್ಸು ಪ್ರಾಂತ್ಯದ ತಿಯಾನ್‌ಶುಯಿಯಿಂದ ಲಾನ್‌ಝೌಗೆ ಹಳೆಯ ಮಾರ್ಗದ ‘ಕೆ’ ನಂಬರಿನ (ಅಂದರೆ ಬುಲೆಟ್ ಅಲ್ಲದ, ಸಾಧಾರಣ ವೇಗದ) ರೈಲು ಹತ್ತಿ. ಗಾನ್‌ಗು, ವುಶಾನ್, ಲಾಂಗ್‌ಶಿ, ದಿಂಗ್‌ಶಿ: ಯಾವ ಪ್ರವಾಸಿಯೂ ಇಳಿಯದ ಊರುಗಳು. ಡಬ್ಬಿಯ ತುದಿಯಲ್ಲಿ, ಕೈತೊಳೆಯುವ ಬೇಸಿನ್ನಿನ ಹತ್ತಿರ, ಒಂದು ಸ್ಟೀಲ್ ಬಾಯ್ಲರ್. ಕುದಿಸಿದ ನೀರು, ಹಗಲೂ ರಾತ್ರಿ, ಪುಕ್ಕಟೆ. ನಿಲ್ದಾಣದಲ್ಲೂ ಇದೆ. ‘ಕಾಯ್‌ಶುಯಿ’ ಎಂದರೆ ಸಾಕು, ಯಾರಾದರೂ ಕೈ ತೋರಿಸುತ್ತಾರೆ. (ಶುಯಿ ಎಂದರೆ ನೀರು, ತಿಯಾನ್‌ಶುಯಿ ಆಕಾಶದ ನೀರು.)

ಸ್ಟೀಲ್ ಫ್ಲಾಸ್ಕ್ ಒಯ್ಯಿರಿ. ತೆಳು ಪ್ಲಾಸ್ಟಿಕ್ ಬಾಟಲಿ ಹಿಡಿದರೆ ಮೆತ್ತಗಾಗಿ ಕುಗ್ಗಿ ಕೈ ಸುಡುತ್ತದೆ. ರೈಲು ಕುಲುಕುವುದರಿಂದ ಮುಕ್ಕಾಲು ಭಾಗ ಮಾತ್ರ ತುಂಬಿಸಿ. ಅಲ್ಲಿನವರ ಊಟ ಹನ್ನೊಂದೂವರೆಗೇ ಶುರು. ಎಲ್ಲರೂ ನೂಡಲ್ಸ್ ಡಬ್ಬಿ ಹಿಡಿದು ಸಾಲು ನಿಂತರೆ ಬಾಯ್ಲರ್ ಬರಿದಾಗಿ ನೀರು ಮತ್ತೆ ಕಾಯಬೇಕು, ಮೊದಲೇ ಹೋಗಿ. ಆ ನೂಡಲ್ಸಿನ ಸಾರು ಬಹುಪಾಲು ಮಾಂಸದ್ದೇ. ಸಸ್ಯಾಹಾರಿಗಳಿಗೆ ಎಂಟಿಆರ್‌ನ ಮೂರು ನಿಮಿಷದ ಉಪ್ಪಿಟ್ಟೇ ಗತಿ. ಆದರೆ ಲಾನ್‌ಝೌ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ನೀರು 95 ಡಿಗ್ರಿಗೇ ಕುದಿಯುತ್ತದೆ. ಐದು ನಿಮಿಷ ಮುಚ್ಚಿಡದಿದ್ದರೆ ರವೆ ಹಲ್ಲಿಗೆ ಸಿಗುತ್ತದೆ.

ಜ್ವರ ಬಂದಾಗಲೆಲ್ಲ ‘ಕಾಯಿಸಿ ಆರಿಸಿದ ನೀರು ಕುಡಿ’ ಅನ್ನುವವರು ನಾವು. ಬೀರೂರಲ್ಲಿ ರೈಲು ನಿಂತರೆ ಕಿಟಕಿಗೆ ಬರುವುದು ಮಾತ್ರ ‘ವಾಟರ್ ಬಾಟಲ್, ವಾಟರ್ ಬಾಟಲ್’. ಮಗುವಿನ ಹಾಲಿನಪುಡಿಗೆ ಅರ್ಧ ಲೋಟ ಬಿಸಿನೀರು ಬೇಕೆಂದರೆ ಚಹಾದವನನ್ನು ಗೋಗರೆಯಬೇಕು. ಇಷ್ಟೊಂದು ರೈಲು ಓಡಿಸುವವರಿಗೆ ಒಂದು ಬಾಯ್ಲರ್ ಭಾರವೇ?

ಹಾಗಂತ ಅಲ್ಲಿ ಎಲ್ಲವೂ ಚೆಂದ ಅಂತಲ್ಲ. ಬೇಸಿಗೆಯಲ್ಲಿ ಬಾಯಾರಿ ಹೋಟೆಲಿಗೆ ನುಗ್ಗಿದರೂ ಬಿಸಿನೀರೇ. ನಮ್ಮ ಅರವಟಿಗೆಯ ತಂಪು ಮಜ್ಜಿಗೆ ನೆನಪಾಗಿ ಗಂಟಲು ಕಟ್ಟುತ್ತದೆ. ಇನ್ನು ಆ ಬಾಯ್ಲರಿನಿಂದ ನಾಲ್ಕು ಹೆಜ್ಜೆಗೆ ಶೌಚಾಲಯ. ಚೊಂಬಿಲ್ಲ, ಮಗ್ಗಿಲ್ಲ, ಕಾಗದವೂ ನಾವೇ ಒಯ್ಯಬೇಕು. ಈ ವಿಷಯದಲ್ಲಿ ನಮ್ಮ ಯಾವ ಪ್ಯಾಸೆಂಜರ್ ಗಾಡಿಯೂ ಮೇಲು, ಒಪ್ಪಿಕೊಳ್ಳಲೇಬೇಕು. ಅರ್ಧ ಲೀಟರಿನ ಖಾಲಿ ಬಾಟಲಿಯೊಂದನ್ನು ಇದಕ್ಕೆಂದೇ ಎತ್ತಿಡಿ. ಬೇಸಿನ್ನಿನ ತಣ್ಣೀರು ತುಂಬಿಸಿಕೊಳ್ಳಿ. ಅವಸರದಲ್ಲಿ ಬಾಯ್ಲರಿಗೆ ಹಿಡಿದೀರಿ!