ಕಮೂ ಕಾದಂಬರಿಯ ಗುಮಾಸ್ತ

ಅಲ್ಜೀರಿಯಾದಲ್ಲಿ ಹುಟ್ಟಿದ ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂ ಅಂದರೆ ಫೇಸ್‌ಬುಕ್ಕಿನಲ್ಲಿ ಕಾಣುವುದು ಒಂದೇ. ತುಟಿಯಲ್ಲಿ ಸಿಗರೇಟು ಕಚ್ಚಿಕೊಂಡ ಕಪ್ಪು ಬಿಳುಪು ಫೋಟೊ, ಕೆಳಗೆ ಬದುಕಿಗೆ ಅರ್ಥವಿಲ್ಲ ಅನ್ನುವ ಧಾಟಿಯ ಒಂದು ಸಾಲು. ಎಷ್ಟೋ ಸಲ ಆ ಸಾಲೂ ಅವನದ್ದಾಗಿರುವುದಿಲ್ಲ. ನನ್ನ ತಕರಾರು ಬೇರೆ. ಬದುಕು ಅಸಂಗತ, ಅಂದರೆ ನಾವು ಅರ್ಥ ಹುಡುಕಿದರೂ ಜಗತ್ತು ಉತ್ತರ ಕೊಡುವುದಿಲ್ಲ, ಅನ್ನುವಲ್ಲಿಂದ ಕಮೂ ಮಾತು ಶುರು ಮಾಡುತ್ತಾನೆ. ನಾವು ಅಲ್ಲೇ ಚಾಪೆ ಹಾಸಿ ಮಲಗಿಬಿಟ್ಟಿದ್ದೇವೆ.

ಇದಕ್ಕೆ 'ದಿ ಔಟ್‌ಸೈಡರ್' ಕೂಡ ಸ್ವಲ್ಪ ಕಾರಣ. 1942ರ ಆ ಪುಟ್ಟ ಕಾದಂಬರಿಯನ್ನು ಇಪ್ಪತ್ತರ ವಯಸ್ಸಿನಲ್ಲಿ ಓದಿದವರು ಯಾರೂ ಸುಲಭಕ್ಕೆ ಚೇತರಿಸಿಕೊಳ್ಳುವುದಿಲ್ಲ. ಅದರ ನಾಯಕ ಮರ್ಸೋ ಅಲ್ಜೀರಿಯಾದ ಸಮುದ್ರ ದಂಡೆಯಲ್ಲಿ ಒಬ್ಬ ಅರಬನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಕೋರ್ಟಿನಲ್ಲಿ ವಿಚಾರಣೆ ನಡೆಯುವುದು ಮಾತ್ರ ತಾಯಿಯ ಶವದ ಪಕ್ಕ ಕೂತು ಹಾಲು ಹಾಕಿದ ಕಾಫಿ ಯಾಕೆ ಕುಡಿದೆ, ಮಣ್ಣು ಮಾಡಿದ ಮರುದಿನವೇ ಹುಡುಗಿಯ ಜೊತೆ ಕಾಮಿಡಿ ಸಿನಿಮಾಕ್ಕೆ ಯಾಕೆ ಹೋದೆ ಅಂತ. ತಾಯಿ ಸತ್ತಾಗ ಅಳದೇ ಇದ್ದವನಿಗೆ ಕೊನೆಗೆ ಗಿಲೊಟಿನ್, ಅಂದರೆ ತಲೆ ಕಡಿಯುವ ಯಂತ್ರ. ಓದಿ ಮುಗಿಸಿದ ಹುಡುಗರೆಲ್ಲ ತಿಂಗಳುಗಟ್ಟಲೆ ಮರ್ಸೋ ಥರವೇ ಮಾತಾಡುತ್ತಾರೆ.

ಆದರೆ ಈ ಅಸಂಗತದ ಅರಿವು ಕಮೂಗೆ ಹಾಗೆ ಪುಸ್ತಕ ಓದಿ ಬಂದದ್ದಲ್ಲ. ಹುಟ್ಟಿ ವರ್ಷ ತುಂಬುವ ಮೊದಲೇ, 1914ರಲ್ಲಿ, ಅಪ್ಪ ಮಹಾಯುದ್ಧದಲ್ಲಿ ಸತ್ತ. ಸರಿಯಾಗಿ ಕಿವಿ ಕೇಳದ, ಅಕ್ಷರ ಬಾರದ ತಾಯಿ ಅಲ್ಜೀರ್ಸ್‌ನಲ್ಲಿ ಮನೆಗೆಲಸ ಮಾಡಿ ಸಾಕಿದಳು. ಹದಿನೇಳಕ್ಕೆ ಕ್ಷಯ. ಇಷ್ಟಾದವನು ಜಗತ್ತು ನ್ಯಾಯವಾಗಿಲ್ಲ ಎಂದು ಗೊಣಗುತ್ತ ಕೂತಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು 'ದಿ ಪ್ಲೇಗ್' ಬರೆದ.

1947ರಲ್ಲಿ ಬಂದ ಆ ಕಾದಂಬರಿಯಲ್ಲಿ ಅಲ್ಜೀರಿಯಾದ ಓರಾನ್ ಊರಿಗೆ ಪ್ಲೇಗ್ ಬರುತ್ತದೆ. ಓದಿದವರೆಲ್ಲರೂ ರೋಗಿಗಳನ್ನು ನೋಡಿಕೊಳ್ಳುವ ಡಾಕ್ಟರ್ ರಿಯುವನ್ನು ನೆನಪಿಟ್ಟುಕೊಳ್ಳುತ್ತಾರೆ. ನನಗೆ ಬೇಕಾದವನು ಜೋಸೆಫ್ ಗ್ರಾಂ. ಓರಾನ್ ನಗರಸಭೆಯಲ್ಲಿ ಜುಜುಬಿ ಸಂಬಳದ ಹಂಗಾಮಿ ಗುಮಾಸ್ತ. ಬಡ್ತಿಯ ಮಾತು ಕೊಟ್ಟವರು ಮರೆತಿದ್ದಾರೆ. ಅದನ್ನು ಕೇಳುವ ಅರ್ಜಿ ಬರೆಯೋಣ ಅಂದರೆ ಇವನಿಗೆ ಸರಿಯಾದ ಪದ ಸಿಗುವುದಿಲ್ಲ. ಹೆಂಡತಿ ಜೀನ್ ಬಿಟ್ಟು ಹೋಗಿದ್ದಾಳೆ, ಅವಳಿಗೆ ಪತ್ರ ಬರೆಯಲೂ ಅದೇ ತೊಂದರೆ. ರಾತ್ರಿ ಕೂತು ಒಂದು ಕಾದಂಬರಿ ಬರೆಯುತ್ತಾನೆ, ಆದರೆ ಮೊದಲ ವಾಕ್ಯ ದಾಟಿಲ್ಲ. ಪ್ಯಾರಿಸ್ಸಿನ ಉದ್ಯಾನದಲ್ಲಿ ಕುದುರೆ ಮೇಲೆ ಹೋಗುವ ಹೆಂಗಸಿನ ವಾಕ್ಯ ಅದು. ಕುದುರೆಗೆ ಯಾವ ವಿಶೇಷಣ ಹಾಕಬೇಕು ಎಂದು ಊರಲ್ಲಿ ಹೆಣ ಬೀಳುತ್ತಿರುವಾಗಲೂ ಒದ್ದಾಡುತ್ತಾನೆ.

ಇದೇ ಮನುಷ್ಯ ಆಫೀಸು ಮುಗಿಸಿ ಸ್ವಯಂಸೇವಕರ ತಂಡಕ್ಕೆ ಬಂದು, ಸೋಂಕಿನ ಲೆಕ್ಕ ಬರೆದು ಕೊಡುತ್ತಾನೆ. ದಿನಾ. ಪ್ಲೇಗ್ ಬಂದಿದೆ, ಎದುರಿಸಬೇಕು, ಇದರಲ್ಲಿ ಯೋಚಿಸುವುದೇನಿದೆ ಎನ್ನುವ ಧಾಟಿ ಅವನದು. ಈ ಕಥೆಗೆ ಒಬ್ಬ ನಾಯಕ ಬೇಕೇ ಬೇಕು ಎನ್ನುವುದಾದರೆ ಇವನೇ ಇರಲಿ ಎಂದು ನಿರೂಪಕನೇ ಹೇಳುತ್ತಾನೆ. ಸ್ವಲ್ಪ ನಗುತ್ತಲೇ ಹೇಳುತ್ತಾನೆ, ಆದರೂ ಹೇಳುತ್ತಾನೆ. ಬಂಡಾಯ ಅಂದರೆ ನಮ್ಮ ಕಣ್ಣಿಗೆ ಮುಷ್ಟಿ ಎತ್ತಿದವನು ಬರುತ್ತಾನೆ. ಕಮೂ ಅಲ್ಲಿ ಗುಮಾಸ್ತನೊಬ್ಬನನ್ನು ತಂದು ಕೂರಿಸಿದ.

ಮುಷ್ಟಿ ಎತ್ತಿದವರ ಬಗ್ಗೆಯೂ ಅವನು ಬರೆದಿದ್ದಾನೆ. 1949ರಲ್ಲಿ ರಂಗಕ್ಕೆ ಬಂದ 'ದಿ ಜಸ್ಟ್' ನಾಟಕದ ಹಿಂದೆ ರಷ್ಯಾದಲ್ಲಿ 1905ರಲ್ಲಿ ನಡೆದ ಘಟನೆಯಿದೆ. ಬಾಂಬು ಹಿಡಿದು ನಿಂತಿದ್ದ ಕ್ರಾಂತಿಕಾರಿ ಕಲ್ಯಾಯೆವ್, ರಾಜಮನೆತನದ ಗ್ರ್ಯಾಂಡ್ ಡ್ಯೂಕ್‌ನ ಸಾರೋಟಿನಲ್ಲಿ ಮಕ್ಕಳಿರುವುದನ್ನು ಕಂಡು ಕೈ ಹಿಂದೆಗೆದ. ಎರಡು ದಿನ ಬಿಟ್ಟು ಡ್ಯೂಕ್‌ನನ್ನು ಕೊಂದ, ತಾನೂ ಗಲ್ಲಿಗೇರಿದ. ಕಮೂಗೆ ಆ ತಡೆದ ಕೈ ಮುಖ್ಯ. 1951ರಲ್ಲಿ 'ದಿ ರೆಬೆಲ್' ಬರೆದು, ಮಿತಿ ಮರೆತ ಬಂಡಾಯ ಕೊಲೆಗಡುಕ ಪ್ರಭುತ್ವವಾಗುತ್ತದೆ ಎಂದದ್ದಕ್ಕೆ ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ ಜೊತೆಗಿನ ಗೆಳೆತನವೇ ಮುರಿದುಬಿತ್ತು. ಸೋವಿಯತ್ ರಷ್ಯಾದ ಬಲವಂತದ ದುಡಿಮೆಯ ಶಿಬಿರಗಳ ವಿಷಯದಲ್ಲಿ ಅವರಿಬ್ಬರಲ್ಲಿ ಸರಿಯಿದ್ದವನು ಕಮೂ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಆಗ ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದ ವಿಷಯಕ್ಕೆ ಬಂದಾಗ ಮಾತ್ರ ನಾನು ಅವನ ವಕಾಲತ್ತು ವಹಿಸಲಾರೆ. 'ದಿ ಪ್ಲೇಗ್' ಶುರುವಿನಲ್ಲಿ ಪತ್ರಕರ್ತ ರಾಂಬೇರ್ ಓರಾನ್‌ಗೆ ಬರುವುದೇ ಅರಬರ ಜೀವನಸ್ಥಿತಿಯ ಬಗ್ಗೆ ವರದಿ ಮಾಡಲು. ಆಮೇಲೆ ಆ ವರದಿಯೂ ಇಲ್ಲ, ಅರಬರೂ ಇಲ್ಲ. ಊರಿಡೀ ಸಾಯುತ್ತದೆ, ಆದರೆ ಹೆಸರಿರುವ ಒಬ್ಬ ಅರಬನೂ ನಮ್ಮ ಕಣ್ಣೆದುರು ಸಾಯುವುದಿಲ್ಲ. 'ಔಟ್‌ಸೈಡರ್'ನಲ್ಲಿ ಗುಂಡೇಟು ತಿಂದವನಿಗೂ ಹೆಸರಿಲ್ಲ. ಗೊತ್ತಿಲ್ಲದೆ ಆದದ್ದು ಎನ್ನುವಂತೆಯೂ ಇಲ್ಲ. 1939ರಲ್ಲಿ ಅಲ್ಜೀರಿಯಾದ ಗುಡ್ಡಗಾಡು ಸೀಮೆ ಕಬೀಲಿಯಾದ ಹಸಿವಿನ ಬಗ್ಗೆ ಪತ್ರಿಕೆಗೆ ಸರಣಿ ವರದಿ ಬರೆದವನು ಇದೇ ಕಮೂ.

ಮರ್ಸೋ ಗುಂಡಿಗೆ ಸತ್ತ ಆ ಅರಬನಿಗೆ ಮೂಸಾ ಎಂದು ಹೆಸರಿಟ್ಟವನು ಅಲ್ಜೀರಿಯಾದ ಕಮೆಲ್ ದಾವೂದ್, 2013ರಲ್ಲಿ ಫ್ರೆಂಚಿನಲ್ಲೇ ಬರೆದ 'ದಿ ಮರ್ಸೋ ಇನ್ವೆಸ್ಟಿಗೇಷನ್'ನಲ್ಲಿ. ಕಥೆ ಹೇಳುವವನು ಮೂಸಾನ ತಮ್ಮ ಹಾರೂನ್. 1962ರ ಜುಲೈನಲ್ಲಿ, ಸ್ವಾತಂತ್ರ್ಯ ಬಂದ ಮೇಲೆ, ಅವನೂ ಒಬ್ಬ ಫ್ರೆಂಚನನ್ನು ಕೊಲ್ಲುತ್ತಾನೆ. ಹಿಡಿದು ತಂದ ಅಧಿಕಾರಿಗೆ ಕೊಂದದ್ದರ ಬಗ್ಗೆ ಅಂಥ ಬೇಸರವೇನಿಲ್ಲ, ಸ್ವಾತಂತ್ರ್ಯಕ್ಕೆ ಮೊದಲೇ ಯಾಕೆ ಕೊಲ್ಲಲಿಲ್ಲ ಎಂಬುದೇ ಸಿಟ್ಟು. ಕಾಲೇಜುಗಳಲ್ಲಿ 'ಔಟ್‌ಸೈಡರ್' ಪಾಠ ಮಾಡುವವರು ದಯವಿಟ್ಟು ಇದನ್ನೂ ಜೊತೆಗಿಟ್ಟುಕೊಂಡು ಮಾಡಿ.